ಬಿಡಿಸಿದ ಮೇಲೆ ಮತ್ತೆ ಗಿರವಿ ಇಡಿಸಬೇಡಿ: ನಮ್ಮ ಸಭಾಪಾಲಕರಿಗೂ ಕಮಿಟಿಯ ಹಿರಿಯರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರೇ, ಸಭಾ ಕಮಿಟಿಯ ಹಿರಿಯರೇ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ನಾನು ಯಾರು ಅಂತ ನಿಮಗೆಲ್ಲ ಗೊತ್ತು. ಇದೇ ಸಭೆಯಲ್ಲಿ ದೀಕ್ಷಾಸ್ನಾನ ಆದವಳು, ಇಲ್ಲೇ ಮದುವೆಯಾದವಳು, 26 ವರ್ಷ ಸಂಡೆ ಸ್ಕೂಲಿನಲ್ಲಿ ಪಾಠ ಹೇಳಿದವಳು. ನಿಮ್ಮಲ್ಲಿ ಇಬ್ಬರು ಹಿರಿಯರು ಚಿಕ್ಕವರಿದ್ದಾಗ ನನ್ನ ಮುಂದೆ ಚಾಪೆ ಮೇಲೆ ಕೂತು ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿದ್ದೀರಿ. ಆ ಸಲಿಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಬಹಿರಂಗವಾಗಿ ಯಾಕೆ ಬರೆದಿರಿ ಅಂತ ನೀವು ಕೇಳಬಹುದು. ತಪ್ಪು ಕಂಡರೆ ಮೊದಲು ಅವನೊಬ್ಬನಿಗೇ ಹೇಳು, ಕೇಳದಿದ್ದರೆ ಇನ್ನಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಅಂತ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ದಾರಿ ತೋರಿಸಿದ್ದಾನೆ. ನಾನು ಆ ದಾರಿಯಲ್ಲೇ ಬಂದಿದ್ದೇನೆ. ಜೂನ್‌ನಲ್ಲಿ ಸಭಾಪಾಲಕರಾದ ಅಯ್ಯನವರ ಮನೆಗೆ ಒಬ್ಬಳೇ ಹೋಗಿ ಮಾತಾಡಿದೆ. ಜುಲೈನಲ್ಲಿ ಸ್ತ್ರೀ ಸಮಾಜದ ಇಬ್ಬರ ಜೊತೆ ಬಂದು ಬರೆದ ಪತ್ರವನ್ನೇ ಕೊಟ್ಟೆ. "ನೋಡೋಣ ಟೀಚರ್, ಕಮಿಟಿಯಲ್ಲಿ ಇಡ್ತೀವಿ" ಅಂದಿರಿ. ಆಮೇಲೆ ಎರಡು ಕಮಿಟಿ ಮೀಟಿಂಗ್ ಆಗಿ ಹೋದವು, ಉತ್ತರ ಬರಲಿಲ್ಲ. ಈಗ ಸಭೆಗೆ ಹೇಳುತ್ತಿದ್ದೇನೆ. ನಮ್ಮ ಸಭೆಯ ಹೆಸರನ್ನೂ ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ. ಯಾರ ಮರ್ಯಾದೆ ತೆಗೆಯುವುದೂ ನನ್ನ ಉದ್ದೇಶವಲ್ಲ.

ವಿಷಯ ನಮ್ಮ ಬಾಗಿಲ ಪಕ್ಕದ ಫ್ಲೆಕ್ಸ್ ಬೋರ್ಡಿನದು. "ಸಭಾ ನಿಯಮಗಳು" ಅಂತ ಅದನ್ನು ಹಾಕಿ ಮೂರು ವರ್ಷವಾಯಿತು. ಮೊದಲು 7 ನಿಯಮ ಇದ್ದವು. ಚಪ್ಪಲಿ ಹೊರಗೆ ಬಿಡಿ, ಮೊಬೈಲ್ ಆಫ್ ಮಾಡಿ, ಆರಾಧನೆಗೆ ಸರಿಯಾದ ಹೊತ್ತಿಗೆ ಬನ್ನಿ, ಇಂಥವು. ಯಾರಿಗೂ ತಕರಾರಿರಲಿಲ್ಲ. ಈಗ ಅದರಲ್ಲಿ 22 ಇವೆ. ಶನಿವಾರದ ಉಪವಾಸ ಪ್ರಾರ್ಥನೆಗೆ ಹಾಜರಿ ಪುಸ್ತಕ ಬಂದಿದೆ. ಮೂರು ಸಲ ತಪ್ಪಿಸಿಕೊಂಡವರು ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವುದಕ್ಕೆ, ಮುಂದೆ ಬರುವ ಹಾಗಿಲ್ಲ. ಹೆಂಗಸರು ಓಲೆ, ಬಳೆ ಹಾಕಬಾರದು, ಹೂ ಮುಡಿಯಬಾರದು. ಪಕ್ಕದ ಮನೆಯವರು ಹಬ್ಬಕ್ಕೆ ಕರೆದರೆ ಊಟಕ್ಕೆ ಹೋಗಬಾರದು. ಮುಟ್ಟಾದ ಹೆಂಗಸರು ಕೊನೆಯ ಬೆಂಚಿನಲ್ಲಿ ಕೂರಬೇಕು, ರೊಟ್ಟಿ ಪಾತ್ರೆ ಮುಟ್ಟಬಾರದು. ದಶಮಾಂಶ, ಅಂದರೆ ದುಡಿಮೆಯ ಹತ್ತನೇ ಪಾಲಿನ ಕಾಣಿಕೆ, ಬಾಕಿ ಇರುವವರ ಪಟ್ಟಿಯನ್ನು ತಿಂಗಳ ಕೊನೆಯ ಭಾನುವಾರ ಅಂಟಿಸಲಾಗುವುದು. ಬಾಕಿ ತೀರಿಸಿದ ಚೀಟಿ ತೋರಿಸದೆ, ಮದುವೆಗೆ ಮೊದಲು ಸಭೆಯಲ್ಲಿ ಓದಬೇಕಾದ ಮದುವೆಯ ಪ್ರಕಟಣೆ ಓದುವುದಿಲ್ಲ.

ಈ ಕೊನೆಯ ನಿಯಮ ಒಂದು ಮನೆಗೆ ಏನು ಮಾಡಿತು ಅನ್ನುವುದನ್ನು ಹೇಳುತ್ತೇನೆ. ನಾನು ಕಣ್ಣಾರೆ ಕಂಡದ್ದು.

ನಮ್ಮ ಸಭೆಯಲ್ಲೇ ಒಬ್ಬ ಅಕ್ಕ ಇದ್ದಾರೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಗಂಡ ಗಾರೆ ಕೆಲಸದವರು. ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ದುಡಿಮೆ ನಿಂತಿತು. ಅವರ ಮನೆಗೆ ಕಮಿಟಿ ಗೊತ್ತು ಮಾಡಿದ್ದ ದಶಮಾಂಶ ತಿಂಗಳಿಗೆ 400 ರೂಪಾಯಿ. 16 ತಿಂಗಳು ಕಟ್ಟಲಿಲ್ಲ. ಒಟ್ಟು 6,400. ಹತ್ತು ಸಲವಾದರೂ ಆ ಮನೆಯ ಹೆಸರು ಬಾಗಿಲ ಪಕ್ಕ ಅಂಟಿದ್ದನ್ನು ನಾನೇ ನೋಡಿದ್ದೇನೆ. ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಮೊತ್ತ. ಆ ಅಕ್ಕ ಒಳಗೆ ಬರುವಾಗ ಆ ಕಡೆ ನೋಡುತ್ತಿರಲಿಲ್ಲ, ಗೋಡೆಯ ಇನ್ನೊಂದು ಬದಿಗೆ ಮುಖ ತಿರುಗಿಸಿಕೊಂಡು ಬರುತ್ತಿದ್ದರು.

ಮೇ ತಿಂಗಳಲ್ಲಿ ಮಗಳ ಮದುವೆ ಗೊತ್ತಾಯಿತು. ಪ್ರಕಟಣೆ ಓದಿಸಬೇಕು ಅಂತ ಬಂದರೆ ಬಾಕಿ ತೀರಿಸಿದ ಚೀಟಿ ಕೇಳಿದಿರಿ. ಅವರು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ತಾಯಿ ಕೊಟ್ಟ ಒಂದು ಜೊತೆ ಬೆಂಡೋಲೆ ಇತ್ತು, ಅದನ್ನು 6,000ಕ್ಕೆ ಗಿರವಿ ಇಟ್ಟು, ಮೇಲೆ 400 ಸೇರಿಸಿ ಕಟ್ಟಿದರು. ಪ್ರಕಟಣೆ ಓದಲಾಯಿತು. ಮದುವೆಯೂ ಚೆನ್ನಾಗಿಯೇ ಆಯಿತು. ಮದುವೆಯ ದಿನ ಹುಡುಗಿಯ ತಾಯಿಯ ಕಿವಿಯಲ್ಲಿ ಬೇವಿನ ಕಡ್ಡಿ ಇತ್ತು. ನಿಯಮಕ್ಕೆ ಹೆದರಿ ತೆಗೆದಿಟ್ಟಿದ್ದಾರೆ ಅಂತ ನಾನು ಅಂದುಕೊಂಡೆ. ನಿಜ ಗೊತ್ತಾಗಿದ್ದು ಆಮೇಲೆ.

ಸೆಪ್ಟೆಂಬರ್‌ನಲ್ಲಿ ಸ್ತ್ರೀ ಸಮಾಜದ ನಾವು ಮೂವರು ಹಣ ಕೂಡಿಸಿಕೊಂಡು ಆ ಅಕ್ಕನ ಜೊತೆ ಗಿರವಿ ಅಂಗಡಿಗೆ ಹೋದೆವು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ನಾಲ್ಕು ತಿಂಗಳಿಗೆ 480. ಒಟ್ಟು 6,480 ಎಣಿಸಿ ಕೊಟ್ಟೆವು. ಅಂಗಡಿಯವರು ಒಳಗಿನ ಬೀರುವಿನಿಂದ ಒಂದು ಸಣ್ಣ ಕಾಗದದ ಪೊಟ್ಟಣ ತಂದರು. ಮೇಲೆ ನಂಬರ್ ಬರೆದಿತ್ತು. ಪೊಟ್ಟಣ ಬಿಚ್ಚಿ ಎರಡೂ ಓಲೆಗಳನ್ನು ತಕ್ಕಡಿಗೆ ಹಾಕಿ ತೂಕ ತೋರಿಸಿದರು. ಅಕ್ಕನ ಕೈಯಲ್ಲಿದ್ದ ಹಳದಿ ಚೀಟಿ ಇಸಿದುಕೊಂಡು, ಅದರ ಮೇಲೆ ಅಡ್ಡಗೆರೆ ಎಳೆದು, ಮೇಜಿನ ಮೇಲಿದ್ದ ಚೀಟಿ ಚುಚ್ಚುವ ಕಬ್ಬಿಣದ ಕಡ್ಡಿಗೆ ಚುಚ್ಚಿದರು. "ಆಯ್ತಮ್ಮಾ, ಇನ್ನು ಇದರ ಮೇಲೆ ನನಗೆ ಹಕ್ಕಿಲ್ಲ" ಅಂದರು. ಅಕ್ಕ ಓಲೆಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಸುಮ್ನೆ ನಿಂತಿದ್ದರು. "ಹಾಕ್ಕೋ" ಅಂದೆ. "ಬೇಡ ಟೀಚರ್, ನಾಳೆ ಭಾನುವಾರ" ಅಂದರು.

ಅಯ್ಯನವರೇ, ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬಂದಿಲ್ಲ.

ಆ ರಾತ್ರಿ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ತೆಗೆದು ಓದಿದೆ. ಎರಡನೇ ಅಧ್ಯಾಯದ 14ನೇ ವಚನ. ನಮಗೆ ವಿರೋಧವಾಗಿದ್ದ ಸಾಲದ ಪತ್ರವನ್ನು ದೇವರು ಅಳಿಸಿಹಾಕಿ, ಶಿಲುಬೆಗೆ ಮೊಳೆ ಹೊಡೆದು ಜಡಿದುಬಿಟ್ಟ ಅಂತ ಅಪೊಸ್ತಲ ಪೌಲನು ಹೇಳುವ ಜಾಗ. ಎಷ್ಟು ವರ್ಷ ಮಕ್ಕಳಿಗೆ ಕಲಿಸಿದ ವಚನ! ಚೀಟಿಗೆ ಕಡ್ಡಿ ಚುಚ್ಚಿದ್ದನ್ನು ನೋಡಿದ ಮೇಲೆಯೇ ಅದು ನನ್ನ ಎದೆಗೆ ಇಳಿದದ್ದು. ಅದೇ ಅಧ್ಯಾಯದಲ್ಲಿ ಇನ್ನು ಸ್ವಲ್ಪ ಕೆಳಗೆ ಹೋದರೆ ಹಿಡಿಯಬೇಡ, ರುಚಿ ನೋಡಬೇಡ, ಮುಟ್ಟಬೇಡ ಅನ್ನುವ ನಿಯಮಗಳಿಗೆ ನೀವು ಯಾಕೆ ಒಳಪಡುತ್ತೀರಿ ಅಂತ ಅವನೇ ಕೇಳುತ್ತಾನೆ. ಅವು ನೋಡುವುದಕ್ಕೆ ಭಕ್ತಿಯ ಹಾಗೆ, ತಿಳಿವಳಿಕೆಯ ಹಾಗೆ ಕಾಣುತ್ತವೆ, ಆದರೆ ಮನುಷ್ಯನ ಒಳಗಿನ ದುರಾಸೆಯನ್ನು ತಡೆಯುವ ಶಕ್ತಿ ಅವಕ್ಕಿಲ್ಲ ಅಂತಲೂ ಹೇಳುತ್ತಾನೆ.

ವಿಮೋಚನೆ ಅಂತ ನಾವು ಪ್ರತಿ ಭಾನುವಾರ ಹಾಡುತ್ತೇವೆ. ದೊಡ್ಡ ಪದ. ಆದರೆ ಅದರ ಅರ್ಥ ನಮ್ಮ ಬೀದಿಯಲ್ಲೇ ಇದೆ. ಗಿರವಿ ಬಿಡಿಸುವುದು, ಜೀತ ಬಿಡಿಸುವುದು, ಅದೇ ವಿಮೋಚನೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದ 13ನೇ ವಚನದಲ್ಲಿ ಕ್ರಿಸ್ತನು ನಮ್ಮನ್ನು ಧರ್ಮಶಾಸ್ತ್ರದ, ಅಂದರೆ ಮೋಶೆಯ ಕಟ್ಟಳೆಗಳ, ಶಾಪದಿಂದ ಬಿಡಿಸಿದ ಅನ್ನುವಲ್ಲಿ ಪೌಲನು ಬಳಸುವ ಗ್ರೀಕ್ ಪದದ ಒಳಗೆ "ಸಂತೆ" ಅನ್ನುವ ಮಾತು ಇದೆ. ಬೆಲೆ ಕೊಟ್ಟು ಕೊಂಡು ಸಂತೆಯಿಂದ ಆಚೆ ತರುವುದು ಅಂತ. ಆಗಿನ ಕಾಲದಲ್ಲಿ ಆಳುಗಳನ್ನು ಮಾರುತ್ತಿದ್ದ ಸಂತೆಗಳಿದ್ದವು, ಓದಿದವರಿಗೆ ಅದು ಕೂಡಲೇ ಕಣ್ಣಿಗೆ ಕಟ್ಟುತ್ತಿತ್ತು. ನಮ್ಮ ದೇಶದಲ್ಲಿ ಜೀತ ಪದ್ಧತಿ ರದ್ದು ಮಾಡಿದ ಕಾಯಿದೆ 1976ರದು. ಜೀತದಿಂದ ಬಿಡುಗಡೆಯಾದ ಮನೆಯವರು ನಮ್ಮ ಸಭೆಯಲ್ಲೂ ಇದ್ದಾರೆ. ಸಾಲ ರದ್ದಾದ ಮೇಲೂ ಯಜಮಾನ ಬಂದು "ಇನ್ನೊಂದು ವರ್ಷ ದುಡಿ" ಅಂದರೆ ಅದು ಅನ್ಯಾಯ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಗಲಾತ್ಯದ ಸಭೆಗಳಲ್ಲಿ ನಡೆದದ್ದೂ ಇದೇ. ಗಲಾತ್ಯ ಅಂದರೆ ಇವತ್ತಿನ ಟರ್ಕಿಯ ನಡುಭಾಗ, ಅಂಕಾರಾದ ಸುತ್ತಮುತ್ತ. ಅಲ್ಲಿ ಯೆಹೂದ್ಯರಲ್ಲದ ಜನ ಕ್ರಿಸ್ತನನ್ನು ನಂಬಿದ್ದರು. ಪೌಲನು ಹೋದ ಮೇಲೆ ಬೇರೆ ಉಪದೇಶಕರು ಬಂದರು. ನಂಬಿಕೆ ಒಳ್ಳೆಯದೇ, ಆದರೆ ಸಾಲದು, ಸುನ್ನತಿ ಮಾಡಿಸಿಕೊಳ್ಳಿ, ದಿನ ತಿಂಗಳು ಹಬ್ಬ ಆಚರಿಸಿ, ಆಗ ಮಾತ್ರ ಪೂರ್ತಿ ದೇವಜನ ಆಗುತ್ತೀರಿ ಅಂದರು. ಪೌಲನಿಗೆ ಸಿಟ್ಟು ಬಂತು. ಅವನ ಬೇರೆ ಪತ್ರಿಕೆಗಳು ಸಾಮಾನ್ಯವಾಗಿ ದೇವರಿಗೆ ಸ್ತೋತ್ರ ಹೇಳಿ ಶುರುವಾಗುತ್ತವೆ. ಇದರಲ್ಲಿ ಅದಿಲ್ಲ. ವಂದನೆ ಮುಗಿದ ಕೂಡಲೇ ನನಗೆ ಆಶ್ಚರ್ಯವಾಗುತ್ತಿದೆ ಅಂತ ಗದರುತ್ತಾನೆ. ಮೂರನೇ ಅಧ್ಯಾಯದಲ್ಲಿ ಅವರನ್ನು ಬುದ್ಧಿಯಿಲ್ಲದವರು ಅಂತಲೇ ಕರೆಯುತ್ತಾನೆ. ಕೊನೆಗೆ ತಾನೇ ಲೇಖನಿ ಹಿಡಿದು, ನೋಡಿ ನನ್ನ ಕೈಬರಹ ಎಷ್ಟು ದಪ್ಪ ಅಕ್ಷರದಲ್ಲಿದೆ ಅನ್ನುತ್ತಾನೆ. ನನಗೆ ಪತ್ರಿಕೆಗಳಲ್ಲೆಲ್ಲ ಇದು ಜಾಸ್ತಿ ಇಷ್ಟವಾಗಲು ಆ ದಪ್ಪ ಅಕ್ಷರವೂ ಒಂದು ಕಾರಣ. ಅದೂ ಒಂದು ಬಹಿರಂಗ ಪತ್ರವೇ ಅಲ್ವಾ? ಒಬ್ಬರ ಕೈಗೆ ಬರೆದದ್ದಲ್ಲ, ಊರೂರಿನ ಸಭೆಗಳಲ್ಲಿ ಎಲ್ಲರ ಮುಂದೆ ಓದಲಿ ಅಂತ ಬರೆದದ್ದು.

ಅದರ 2ನೇ ಅಧ್ಯಾಯದಲ್ಲಿ ಊಟದ ಪಂಕ್ತಿಯ ಒಂದು ಸಂಗತಿ ಇದೆ. ಅಂತಿಯೋಕ್ಯ ಪಟ್ಟಣದಲ್ಲಿ ಪೇತ್ರನು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಒಟ್ಟಿಗೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಕಡೆಯಿಂದ ಕೆಲವರು ಬಂದ ಕೂಡಲೇ ಅವರಿಗೆ ಹೆದರಿ ಮೆಲ್ಲಗೆ ಬೇರೆ ಕೂತ. ಪೌಲನು ಅದನ್ನು ಹಿಂದಿನಿಂದ ಆಡಿಕೊಳ್ಳಲಿಲ್ಲ. ಎಲ್ಲರ ಎದುರಿಗೆ, ಮುಖಾಮುಖಿ, ನೀನು ಮಾಡಿದ್ದು ತಪ್ಪು ಅಂದ. ಪೇತ್ರನಂಥ ದೊಡ್ಡ ಅಪೊಸ್ತಲನಿಗೇ ಅಂದ. ಸುವಾರ್ತೆ ನಿಲ್ಲುವುದೋ ಬೀಳುವುದೋ ಅನ್ನುವುದು ಆ ದಿನ ಯಾರು ಯಾರ ಪಕ್ಕ ಕೂತರು ಅನ್ನುವುದರ ಮೇಲೆ ನಿಂತಿತ್ತು.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಮನೆಯ ಹಳೆಯ ಕಥೆ ನೆನಪಾಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮತ ಬದಲಾಯಿಸಿದವರಿಗೆ ಮನೆ, ಜಮೀನು, ಕುಲಕಸುಬು ಎಲ್ಲ ಕೈತಪ್ಪುತ್ತಿತ್ತು, ಹೊಟ್ಟೆಗೆ ದಾರಿ ಬೇಕಿತ್ತು. ನನ್ನ ಅಜ್ಜನ ತಂದೆ ಅಲ್ಲಿ ಮಣ್ಣು ಕಲಸುತ್ತಿದ್ದರು. ನಮ್ಮಜ್ಜಿ ಹೇಳುತ್ತಿದ್ದರು: ಮೊದಲ ದಿನ ಎಲ್ಲ ಜಾತಿಯಿಂದ ಬಂದವರೂ ಒಂದೇ ಹಂಡೆಯ ಗಂಜಿ ಕುಡಿಯಬೇಕಾಗಿ ಬಂದಾಗ ಒಬ್ಬ ಹೆಂಗಸು ಬಟ್ಟಲು ಹಿಡಿದುಕೊಂಡು ಬಹಳ ಹೊತ್ತು ಅಳುತ್ತಾ ಕೂತಿದ್ದಳಂತೆ. ಆಮೇಲೆ ಕುಡಿದಳಂತೆ. ಆ ಹೆಂಗಸು ನಮ್ಮ ಅಜ್ಜನ ಅಜ್ಜಿ. ಆ ಮಿಷನರಿಗಳೂ ಶಿಸ್ತಿನಲ್ಲಿ ಬಹಳ ಬಿಗಿ ಜನ, ಅವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಜಾತಿ ಮಾತ್ರ ಬಾಗಿಲ ಹೊರಗೇ ಇರಬೇಕು ಅನ್ನುವುದರಲ್ಲಿ ಅವರು ಜಗ್ಗಲಿಲ್ಲ. ಮುಟ್ಟಬೇಡ, ದೂರ ಕೂರು ಅನ್ನುವ ಮಾತಿನಿಂದ ಬಿಡಿಸಿಕೊಂಡು ಬಂದವರ ಮೊಮ್ಮಕ್ಕಳು ನಾವು. ನಮ್ಮ ಹೆಣ್ಣುಮಕ್ಕಳಿಗೆ ಇವತ್ತು ನಾವೇ ಮುಟ್ಟಬೇಡ, ದೂರ ಕೂರು ಅನ್ನುತ್ತಿದ್ದೇವೆ.

ಮುಟ್ಟಿನ ನಿಯಮದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದನ್ನು ನಿಮ್ಮ ಮುಂದೆ ಬಾಯಿಬಿಟ್ಟು ಹೇಳುವ ಹೆಂಗಸರು ಕಡಿಮೆ. ಯಾಜಕಕಾಂಡದ 15ನೇ ಅಧ್ಯಾಯ ತೋರಿಸಿ ಕಮಿಟಿ ಇದನ್ನು ಮಾಡಿತು. ಅಲ್ಲಿ ಹಾಗೆ ಬರೆದಿರುವುದು ಹೌದು. ಆದರೆ ಮಾರ್ಕನ 5ನೇ ಅಧ್ಯಾಯವೂ ಅದೇ ಬೈಬಲ್ಲಿನಲ್ಲಿದೆ. 12 ವರ್ಷದಿಂದ ರಕ್ತಸ್ರಾವ ಇದ್ದ ಹೆಂಗಸು. ಆ ಶಾಸ್ತ್ರದ ಪ್ರಕಾರ ಅವಳು ಕೂತ ಜಾಗವೂ ಅಶುದ್ಧ. ಅವಳು ಗುಂಪಿನ ನಡುವೆ ನುಗ್ಗಿ ಯೇಸುವಿನ ಬಟ್ಟೆ ಮುಟ್ಟಿದಳು. ಅವನು ಹಿಂದಕ್ಕೆ ಸರಿಯಲಿಲ್ಲ, ಸ್ನಾನ ಮಾಡಿ ಬಾ ಅನ್ನಲಿಲ್ಲ. ಮುಟ್ಟಿದವರು ಯಾರು ಅಂತ ಹುಡುಕಿ, ನಡುಗುತ್ತಾ ಬಂದವಳನ್ನು ಎಲ್ಲರೆದುರು "ಮಗಳೇ" ಅಂತ ಕರೆದ. ನಿನ್ನ ನಂಬಿಕೆ ನಿನ್ನನ್ನು ಸ್ವಸ್ಥ ಮಾಡಿದೆ, ಸಮಾಧಾನವಾಗಿ ಹೋಗು ಅಂದ. ಅಲ್ಲಿ ಅಶುದ್ಧತೆ ಅವನಿಗೆ ಅಂಟಲಿಲ್ಲ, ಅವನ ಶುದ್ಧತೆ ಅವಳಿಗೆ ಬಂತು.

ಹೋದ ಫೆಬ್ರವರಿಯಲ್ಲಿ ನನ್ನ ಸಂಡೆ ಸ್ಕೂಲಿನ ಒಂದು ಹುಡುಗಿ, ಹದಿಮೂರು ವರ್ಷದವಳು, ಮೊದಲ ಸಲ ಆ ಕೊನೆಯ ಬೆಂಚಿನಲ್ಲಿ ಕೂತಳು. ಅವಳು ಅಲ್ಲಿ ಕೂತದ್ದರಿಂದ ಇಡೀ ಸಭೆಗೆ ಅವಳ ವಿಷಯ ಗೊತ್ತಾಯಿತು. ಗಂಡುಹುಡುಗರು ತಿರುಗಿ ತಿರುಗಿ ನೋಡಿದರು. ಅವಳು ಹಾಡಿನ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದಳು. ಪುಸ್ತಕ ತಲೆಕೆಳಗಾಗಿತ್ತು. ಆಮೇಲೆ ಅವಳು ಆರಾಧನೆಗೆ ಬಂದಿಲ್ಲ. ಅವಳಿಗೆ ಮಾರ್ಕನ 5ನೇ ಅಧ್ಯಾಯವನ್ನು ನಾನು ಯಾವ ಮುಖ ಇಟ್ಟುಕೊಂಡು ಕಲಿಸಲಿ?

ದಶಮಾಂಶದ ಮಾತಿಗೆ ಬರುತ್ತೇನೆ. ಮಲಾಕಿಯ 3ನೇ ಅಧ್ಯಾಯವನ್ನು ತಾವು ಪ್ರತಿ ತಿಂಗಳೂ ಓದುತ್ತೀರಿ, ಹತ್ತನೇ ಪಾಲು ತರದವರು ದೇವರಿಂದಲೇ ಕದಿಯುತ್ತಾರೆ ಅಂತ. ಸರಿ, ಧರ್ಮಶಾಸ್ತ್ರದ ಲೆಕ್ಕದಲ್ಲೇ ಮಾತಾಡೋಣ. ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಕೊನೆಗೆ ಮೂರು ವರ್ಷಕ್ಕೊಮ್ಮೆ ಬರುವ ಹತ್ತನೇ ಪಾಲನ್ನು ಏನು ಮಾಡಬೇಕು ಅಂತ ಬರೆದಿದೆ. ಊರೊಳಗೇ ಇಡಬೇಕು. ದೇವರ ಆಲಯದ ಸೇವೆ ಮಾಡುವ ಲೇವಿಯರ ಜೊತೆ ಪರದೇಶಿ, ತಂದೆಯಿಲ್ಲದ ಮಕ್ಕಳು, ವಿಧವೆಯರು ಬಂದು ಹೊಟ್ಟೆ ತುಂಬಾ ಉಣ್ಣಬೇಕು. ಆ ಲೆಕ್ಕ ಹಿಡಿದರೆ ಗಂಡನಿಗೆ ದುಡಿಮೆಯಿಲ್ಲದೆ ಆ ಅಕ್ಕ ಕಷ್ಟಪಟ್ಟ 16 ತಿಂಗಳು ಸಭೆಯ ಕಣಜದಿಂದ ಅವರ ಮನೆಗೆ ಅಕ್ಕಿ ಹೋಗಬೇಕಿತ್ತು. ಗಿರವಿಯ ಬಗ್ಗೆಯೂ ಶಾಸ್ತ್ರ ಮಾತಾಡಿದೆ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ತಿರುಗಿ ಕೊಡು, ಅವನಿಗೆ ಮಲಗುವುದಕ್ಕೆ ಅದೊಂದೇ ಇರುವುದು ಅಂತ ವಿಮೋಚನಕಾಂಡದ 22ನೇ ಅಧ್ಯಾಯದಲ್ಲಿದೆ. ನಾವು ಶಾಸ್ತ್ರದ ವಸೂಲಿಯ ಭಾಗ ಮಾತ್ರ ಇಟ್ಟುಕೊಂಡೆವು. ಅದರ ಕರುಣೆಯ ಭಾಗ ಬಿಟ್ಟುಬಿಟ್ಟೆವು. ಪುದೀನ, ಜೀರಿಗೆಯಲ್ಲೂ ಹತ್ತನೇ ಪಾಲು ಕೊಟ್ಟು ನ್ಯಾಯ, ಕರುಣೆ, ನಂಬಿಕೆಯನ್ನು ಬಿಟ್ಟುಬಿಟ್ಟಿರಲ್ಲಾ ಅಂತ ಯೇಸುಸ್ವಾಮಿ ಮತ್ತಾಯನ 23ರಲ್ಲಿ ನೊಂದುಕೊಂಡದ್ದು ಇದಕ್ಕೇ.

ಹೊಸ ಒಡಂಬಡಿಕೆಯಲ್ಲಿ ಕೊಡುವುದಕ್ಕೆ ಇರುವ ಮಾತು ಬೇರೆಯೇ. 2 ಕೊರಿಂಥದ 9ನೇ ಅಧ್ಯಾಯದಲ್ಲಿ ಪೌಲನು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುತ್ತಾ, ಒಬ್ಬೊಬ್ಬರೂ ಮನಸ್ಸಿನಲ್ಲಿ ನಿರ್ಧರಿಸಿದಷ್ಟು ಕೊಡಲಿ, ಒಲ್ಲದ ಮನಸ್ಸಿನಿಂದಲೂ ಬೇಡ, ಬಲವಂತಕ್ಕೂ ಬೇಡ ಅನ್ನುತ್ತಾನೆ. ಬಾಗಿಲಲ್ಲಿ ಅಂಟಿಸಿದ ಪಟ್ಟಿ ಬಲವಂತ ಅಲ್ಲದೆ ಇನ್ನೇನು? ಸಭೆಗೆ ಖರ್ಚಿದೆ, ಕರೆಂಟ್ ಬಿಲ್ ಇದೆ, ಅಯ್ಯನವರ ಸಂಬಳ ಇದೆ, ನನಗೆ ಗೊತ್ತು. ನಾನೂ ತಪ್ಪದೆ ಕೊಡುತ್ತೇನೆ, ಮುಂದೆಯೂ ಕೊಡುತ್ತೇನೆ. ಖರ್ಚಿನ ಲೆಕ್ಕ ಎಲ್ಲರ ಮುಂದೆ ಇಡಿ. ಜನ ಕೊಡುತ್ತಾರೆ.

ಪಕ್ಕದ ಮನೆಯ ಹಬ್ಬದೂಟದ ಬಗ್ಗೆ ಉದ್ದ ಬರೆಯುವುದಿಲ್ಲ. ವಿಗ್ರಹಕ್ಕೆ ಇಟ್ಟದ್ದರ ವಿಚಾರವನ್ನು ಪೌಲನು 1 ಕೊರಿಂಥದಲ್ಲಿ ಎರಡೂ ಕಡೆಯಿಂದ ತೂಗಿ ನೋಡಿದ್ದಾನೆ, ಅದು ಅವರವರ ಮನಸ್ಸಾಕ್ಷಿಯ ವಿಷಯ, ಅದನ್ನು ಗೌರವಿಸುತ್ತೇನೆ. ಆದರೆ ನಂಬದವರು ಊಟಕ್ಕೆ ಕರೆದು ನಿಮಗೆ ಹೋಗುವ ಮನಸ್ಸಿದ್ದರೆ ಹೋಗಿ, ಬಡಿಸಿದ್ದನ್ನು ತಿನ್ನಿ ಅಂತ ಅದೇ ಪತ್ರಿಕೆಯ 10ನೇ ಅಧ್ಯಾಯದಲ್ಲಿ ಅವನು ಬಿಡಿಸಿ ಬರೆದ ಮೇಲೆ, ಯುಗಾದಿಯ ಹೋಳಿಗೆಗೆ ಕರೆದ ನೆರೆಯವರ ಬಾಗಿಲಿಗೆ ನಾವು ಹೋಗದ ಹಾಗೆ ಮಾಡುವ ಅಧಿಕಾರ ಕಮಿಟಿಗೆ ಎಲ್ಲಿಂದ ಬಂತು?

ಧರ್ಮಶಾಸ್ತ್ರವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಪರಿಶುದ್ಧ ಅಂತ ಪೌಲನೇ ರೋಮಾಪುರದವರಿಗೆ ಬರೆದಿದ್ದಾನೆ. ಯೆಹೂದ್ಯರಿಗೆ ಅದು ಬರೀ ಹೊರೆ ಆಗಿರಲಿಲ್ಲ. 119ನೇ ಕೀರ್ತನೆಯ 176 ವಚನಗಳೂ ಆ ಶಾಸ್ತ್ರವನ್ನು ಪ್ರೀತಿಸುವವನ ಹಾಡು. ಇನ್ನೊಂದು ಮಾತು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಹತ್ತು ಆಜ್ಞೆಗಳು ಇರುವ ಪುಸ್ತಕಕ್ಕೆ ನಮ್ಮ ಕನ್ನಡ ಬೈಬಲ್ಲಿನಲ್ಲಿ ಇಟ್ಟ ಹೆಸರೇ ವಿಮೋಚನಕಾಂಡ. ಆಜ್ಞೆಗಳು ಬರುವುದು 20ನೇ ಅಧ್ಯಾಯದಲ್ಲಿ. ಅದಕ್ಕೂ ಮೊದಲೇ ಕೆಂಪು ಸಮುದ್ರ ದಾಟಿ ಆಗಿದೆ. ಆಜ್ಞೆ ಕೊಡುವಾಗಲೂ ದೇವರು ಮೊದಲು ಹೇಳುವುದು, ನಿಮ್ಮನ್ನು ದಾಸತ್ವದಿಂದ ಹೊರಗೆ ತಂದವನು ನಾನು ಅಂತ. ಆಜ್ಞೆ ಪಾಲಿಸಿದರೆ ಬಿಡಿಸುತ್ತೇನೆ ಅಂತಲ್ಲ. ಬಿಡುಗಡೆ ಮೊದಲು. ನಾವು ಅದನ್ನು ತಿರುಗಿಸಿದ್ದೇವೆ. ಮೊದಲು 22 ನಿಯಮ, ಆಮೇಲೆ ಕರ್ತನ ಭೋಜನ.

ಕಟ್ಟುಪಾಡು ಇಲ್ಲದಿದ್ದರೆ ಜನ ಹಾಳಾಗುತ್ತಾರೆ ಅಂತ ಜೂನ್‌ನಲ್ಲಿ ತಾವು ಹೇಳಿದಿರಿ. ಆ ಭಯ ನನಗೆ ಅರ್ಥವಾಗುತ್ತದೆ. ಕುಡಿತದಿಂದ ಮುರಿದ ಮನೆಗಳನ್ನು ತಾವು ಹತ್ತಿರದಿಂದ ನೋಡಿದ್ದೀರಿ. ಕೊರೊನಾ ಸಮಯದಲ್ಲಿ ತಾವೇ ಹೆಗಲ ಮೇಲೆ ಅಕ್ಕಿ ಮೂಟೆ ಹೊತ್ತು ನಮ್ಮ ಓಣಿಗೆ ಬಂದದ್ದನ್ನು ನಾನು ಮರೆತಿಲ್ಲ. ಜನರ ಮೇಲೆ ಪ್ರೀತಿ ಇಲ್ಲದವರು ಹಾಗೆ ಮಾಡುವುದಿಲ್ಲ. ಆದರೆ ಈ ಪ್ರಶ್ನೆಯನ್ನು ಪೌಲನಿಗೂ ಕೇಳಿದ್ದರು. ಅವನು ಕೊಟ್ಟ ಉತ್ತರ ಗಲಾತ್ಯದ 5ನೇ ಅಧ್ಯಾಯ. ಸ್ವಾತಂತ್ರ್ಯಕ್ಕಾಗಿಯೇ ಕ್ರಿಸ್ತನು ನಿಮ್ಮನ್ನು ಬಿಡಿಸಿದ, ಮತ್ತೆ ದಾಸತ್ವದ ನೊಗಕ್ಕೆ ಕುತ್ತಿಗೆ ಕೊಡಬೇಡಿ. ಆ ಸ್ವಾತಂತ್ರ್ಯವನ್ನು ಮನಸ್ಸು ಬಂದ ಹಾಗೆ ನಡೆಯುವುದಕ್ಕೆ ನೆಪ ಮಾಡಿಕೊಳ್ಳಬೇಡಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ. ಇಡೀ ಶಾಸ್ತ್ರ ಒಂದು ಮಾತಿನಲ್ಲಿ ಅಡಗಿದೆ, ನಿನ್ನ ಹಾಗೆಯೇ ನೆರೆಯವನನ್ನೂ ಪ್ರೀತಿಸು. ಇದು ಸಡಿಲ ಬಿಟ್ಟ ಮಾತಲ್ಲ. ಫ್ಲೆಕ್ಸ್ ಬೋರ್ಡಿಗಿಂತ ಕಷ್ಟದ್ದು. ಓಲೆ ತೆಗೆಯುವುದು ಒಂದು ನಿಮಿಷದ ಕೆಲಸ, ನೆರೆಯವಳ ಓಲೆ ಬಿಡಿಸುವುದಕ್ಕೆ ನಮ್ಮ ಮೂವರ ಒಂದು ತಿಂಗಳ ಉಳಿತಾಯ ಹೋಯಿತು. ಅವರಿಗಾಗಿ ಅದನ್ನು ಮಾಡಿ ಅಂತ ಯಾವ ನಿಯಮವೂ ನಮಗೆ ಹೇಳಿರಲಿಲ್ಲ.

ನಾನು ಟೀಚರ್ ಆದ್ದರಿಂದ ಗಲಾತ್ಯದ 3ನೇ ಅಧ್ಯಾಯದ ಒಂದು ಹೋಲಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಧರ್ಮಶಾಸ್ತ್ರವನ್ನು ಪೌಲನು ಒಬ್ಬ ಮನೆಯಾಳಿಗೆ ಹೋಲಿಸುತ್ತಾನೆ. ಆಗಿನ ಅನುಕೂಲಸ್ಥರ ಮನೆಗಳಲ್ಲಿ ಹುಡುಗನನ್ನು ಕಾಯುವುದಕ್ಕೆ, ಶಾಲೆಗೆ ಕರೆದುಕೊಂಡು ಹೋಗಿ ಬರುವುದಕ್ಕೆ ಅಂತ ಒಬ್ಬ ಆಳು ಇರುತ್ತಿದ್ದ. ಒಂದನೇ ಕ್ಲಾಸಿನ ಮಗುವಿಗೆ ಅಂಥವರು ಬೇಕು. ಗೇಟಿನ ಹತ್ತಿರ ಅಳುವ ಮಗುವಿನ ಕೈಯನ್ನು ನಾನೂ ಹಿಡಿದಿದ್ದೇನೆ. ಆದರೆ ಎಸ್ಸೆಸ್ಸೆಲ್ಸಿ ಹುಡುಗನ ಕೈ ಹಿಡಿದು ಎಳೆದುಕೊಂಡು ಬಂದರೆ ಅವನು ಎಂದಿಗೆ ದೊಡ್ಡವನಾಗುತ್ತಾನೆ? ನಂಬಿಕೆ ಬಂದ ಮೇಲೆ ನಾವು ಆ ಆಳಿನ ಕೈಕೆಳಗಿಲ್ಲ, ಮನೆಯ ಮಕ್ಕಳು ಅನ್ನುತ್ತಾನೆ ಪೌಲನು. ನಮ್ಮ ಸಭೆಯವರನ್ನು ನಂಬಿ, ಅಯ್ಯನವರೇ. ಪವಿತ್ರಾತ್ಮನು ನಮ್ಮೊಳಗೂ ಕೆಲಸ ಮಾಡುತ್ತಾನೆ.

ಇಂಥ ತಕರಾರು ಬಂದಾಗ ಮೊದಲ ಸಭೆ ಏನು ಮಾಡಿತು ಅನ್ನುವುದೂ ನಮಗೆ ಗೊತ್ತಿದೆ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಎಲ್ಲರೂ ಕೂಡಿದರು. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ. ಬಹಳ ಚರ್ಚೆಯಾದ ಮೇಲೆ ಪೇತ್ರನೇ ಅಲ್ಲಿ ಎದ್ದು ನಿಂತು, ನಮ್ಮ ಹಿರಿಯರಾಗಲಿ ನಾವಾಗಲಿ ಹೊರಲಾರದೆ ಹೋದ ನೊಗವನ್ನು ಈ ಶಿಷ್ಯರ ಕುತ್ತಿಗೆಗೆ ಯಾಕೆ ಹಾಕುತ್ತೀರಿ ಅಂತ ಕೇಳಿದ. ಬೇಕಾದ ನಾಲ್ಕು ಮಾತು ಬಿಟ್ಟು ಹೆಚ್ಚಿನ ಭಾರ ಹಾಕುವುದಿಲ್ಲ ಅಂತ ತೀರ್ಮಾನ ಮಾಡಿ ಪತ್ರ ಬರೆದು ಕಳಿಸಿದರು. ಅದನ್ನು ಓದಿ ಅಂತಿಯೋಕ್ಯದವರಿಗೆ ಸಂತೋಷವಾಯಿತು ಅಂತ ಅಲ್ಲೇ ಬರೆದಿದೆ. ದೊಡ್ಡವರು ತಪ್ಪು ತಿದ್ದಿಕೊಂಡರೆ ಸಭೆ ಸಣ್ಣದಾಗುವುದಿಲ್ಲ. ಪ್ರತಿ ಅಕ್ಟೋಬರ್ ಕೊನೆಗೆ ನಾವು ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರನನ್ನು ನೆನೆಯುತ್ತೇವೆ. 1517ರಲ್ಲಿ ಅವನು ದನಿಯೆತ್ತಿದ್ದು ಹಣ ಕೊಟ್ಟು ಚೀಟಿ ಕೊಂಡರೆ ಪಾಪದ ದಂಡನೆ ತಪ್ಪುತ್ತದೆ ಅನ್ನುವ ವ್ಯಾಪಾರದ ವಿರುದ್ಧ. ಬಾಕಿ ತೀರಿಸಿದ ಚೀಟಿ ನಮ್ಮ ಸಭೆಯಲ್ಲಿ ಇನ್ನು ಯಾರ ಕೈಯಲ್ಲೂ ಇರಬಾರದು.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು. ದಶಮಾಂಶದ ಪಟ್ಟಿ ಅಂಟಿಸುವುದನ್ನು ಈ ತಿಂಗಳಿನಿಂದಲೇ ನಿಲ್ಲಿಸಿ. ಮದುವೆ, ದೀಕ್ಷಾಸ್ನಾನ, ಮಣ್ಣು ಮಾಡುವುದು, ಕರ್ತನ ಭೋಜನ, ಇವು ಯಾವುದನ್ನೂ ಹಣದ ಬಾಕಿಗೆ ಕಟ್ಟಬೇಡಿ. ಆ ಅಕ್ಕನಿಂದ ಪಡೆದ 6,400 ರೂಪಾಯಿಯನ್ನು ತಿರುಗಿ ಕೊಡಿ. ನಾವು ಮೂವರು ಕೊಟ್ಟದ್ದು ನಮಗೆ ಬೇಡ, ಅವರ ಮನೆಗೇ ಹೋಗಲಿ, ಗಂಡನ ಔಷಧಿಗಾಗುತ್ತದೆ. ಕೊನೆಯ ಬೆಂಚಿನ ನಿಯಮವನ್ನು ರದ್ದು ಮಾಡಿದ್ದೇವೆ ಅಂತ ವೇದಿಕೆಯಿಂದ, ಎಲ್ಲರ ಮುಂದೆ, ಬಿಡಿಸಿ ಹೇಳಿ. ಸುಮ್ನೆ ಕೈಬಿಟ್ಟರೆ ಸಾಲದು, ಆ ಹುಡುಗಿಗೆ ಕೇಳಿಸಬೇಕು. ಅವಳ ಮನೆಗೆ ಅಯ್ಯನವರೂ ಅಮ್ಮನವರೂ ಹೋಗಿ ಬಂದರೆ ಇನ್ನೂ ಒಳ್ಳೆಯದು. ಫ್ಲೆಕ್ಸ್ ಬೋರ್ಡಿನಲ್ಲಿ ಮೊದಲಿನ ಏಳು ನಿಯಮ ಇರಲಿ, ಉಳಿದ ಹದಿನೈದನ್ನು ಇಡೀ ಸಭೆಯ ಮುಂದೆ ಇಟ್ಟು, ಹೆಂಗಸರಿಗೂ ಮಾತಾಡಲು ಬಿಟ್ಟು, ಚರ್ಚೆ ಮಾಡಿ. ಚರ್ಚೆಗೆ ಮೊದಲು ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ಪೂರ್ತಿ ಓದಿಸಿ. ಆರೇ ಅಧ್ಯಾಯ, 149 ವಚನ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಓದುವುದಕ್ಕೆ ಯಾರೂ ಸಿಗದಿದ್ದರೆ ನಾನೇ ಓದುತ್ತೇನೆ.

ಆ ಅಕ್ಕ ನಾಲ್ಕು ಭಾನುವಾರದಿಂದ ಆರಾಧನೆಗೆ ಬಂದಿಲ್ಲ. ಮೊನ್ನೆ ಶಾಲೆಯ ಅಡುಗೆ ಕೋಣೆಗೇ ಹೋಗಿ ಮಾತಾಡಿಸಿದೆ. ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಂಡರು. ಬರುವ ತಿಂಗಳ ಮೊದಲ ಭಾನುವಾರ, ಕರ್ತನ ಭೋಜನದ ದಿನ, ಬರುತ್ತೇನೆ ಅಂದಿದ್ದಾರೆ. ಓಲೆ ಹಾಕಿಕೊಂಡೇ ಬನ್ನಿ ಅಂತ ನಾನು ಹೇಳಿದ್ದೇನೆ. ದಯವಿಟ್ಟು ಬಾಗಿಲಲ್ಲಿ ಅವರನ್ನು ಯಾರೂ ತಡೆಯಬೇಡಿ.

ಕರ್ತನ ಸೇವೆಯಲ್ಲಿ,
ನಿಮ್ಮ ಸಂಡೆ ಸ್ಕೂಲ್ ಟೀಚರ್